ದಪ್ಪ ಟೈರಿನ ಸಣ್ಣ ಗಾಡಿ ಸಿಕ್ಕದ, ಯಾವ್ದಂತ ಯಾರರ ಗುರ್ತ ಹಿಡೀತೀರೇನು?

ತೊಗರಿಹೊಲ:
ಎಲ್ಲರಿಗೂ ನಮಸ್ಕಾರ್ರಿ. ನಾ ಕಲಬುರಗಿಯಾಂವ, ಗಾಡಿ ಬಗ್ಗೆ ನಂಗ ಗೊತ್ತಿರೋದಂದ್ರ ಪೆಟ್ರೋಲ್ ಹಾಕೋದು ಕಿಕ್ ಹೊಡೆಯೋದು ಅಷ್ಟೇ, ಅದಕ್ಕ ಇಲ್ಲಿ ಕೇಳ್ಲತ್ತೀನಿ. ಹೋದ ಐತಾರ ಆಳಂದ ಕಡಿ ನಮ್ ಸ್ವಾದರಮಾವನ ಊರಿಗಿ ಹೋಗಿದ್ದೆ, ಹೊಲದಾಗಿನ ಹಳೇ ಮಾಳಗಿ ಬೀಳೋಹಂಗ ಆಗ್ಯಾದ ಅಂತ ಒಳಗಿನ ಸಾಮಾನು ಹೊರಗ ತೆಗೀಲತ್ತಿದ್ವಿ. ಮೂಲ್ಯಾಗ ತೊಗರಿ ಕಟಗಿ, ಅದರ ಕೆಳಗ ಹರಕ ತಾಡಪತ್ರಿ, ತಾಡಪತ್ರಿ ಕೆಳಗ ಈ ಗಾಡಿ. ಪೈಲಾ ನೋಡ್ದಾಗ ಯಾವ್ದೋ ಹುಡುಗರ ಆಟದ ಗಾಡಿ ಅನಿಸ್ತು, ಗಾಲಿ ನೋಡಿದ್ರ ಆಟೋ ಗಾಲಿ ಅಷ್ಟೇ ಅವ, ಟೈರ್ ಮಾತ್ರ ದಪ್ಪ, ಸೀಟು ನನ್ ಮೊಣಕಾಲಿಗಿಂತ ಒಂದು ಗೇಣು ಮ್ಯಾಲ ಅಷ್ಟೇ. ಆದ್ರ ಇಂಜಿನ್ ಹಂಗಿಲ್ಲ, ದೊಡ್ಡ ಗಾಡಿ ಇಂಜಿನ್ ತಂದು ಕುಂದ್ರಿಸಿದಂಗ ಅದ.

ಪೆಟ್ರೋಲ್ ಟಾಕಿ ಮ್ಯಾಲ ಹೆಸರಿಲ್ಲ, ಯಾರೋ ಬ್ರಷ್‌ಲೆ ನೀಲಿ ಬಣ್ಣ ಬಳದಾರ, ಟ್ರಾಲಿಗಿ ಬಳದು ಉಳದಿದ್ದ ಬಣ್ಣ ಇರ್ಬೇಕು. ಸೈಲೆನ್ಸರ್ ಇಲ್ಲ, ಅದರ ಜಾಗಾದಾಗ ಪೈಪಿನ ತುಂಡು ವೆಲ್ಡಿಂಗ್ ಮಾಡ್ಯಾರ. ನಂಬರ್ ಪ್ಲೇಟ್ ಮ್ಯಾಲ ಕೆಎ ಇಲ್ಲ, ಎಮ್‌ದಿಂದ ಶುರು ಆಗೋ ಮೂರು ಅಕ್ಷರ ಅವ, ಉಳಿದದ್ದು ಅಳ್ಸಿ ಹೋಗ್ಯಾದ. ಮಾವಗ ಕೇಳಿದ್ರ "ಮಿನಿ ಗಾಡಿ ಅದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ, ಭಾಳ ಓಡ್ಸೀನಿ" ಅಂತಾನ, ಹೆಸರು ನೆನಪಿಲ್ಲ ಅವಗ. ಅದೇ ದಿನ ಹಳೇ ಕಬ್ಬಣ ತಗೊಳ್ಳೋ ಭಂಗಾರದವ ಬಂದು 4 ಸಾವಿರ ಕೊಡ್ತೀನಿ ಅಂದ, ಮಾವ ಕೊಟ್ಟೇ ಬಿಡ್ತಿದ್ದ, ನಾನೇ ಬ್ಯಾಡ ಅಂದು ಟಂಟಂನಾಗ ಹಾಕ್ಕೊಂಡು ಮನಿಗಿ ತಂದೀನಿ. ಈಗ ನಮ್ ಮನಿಯಾಕಿ ಬೈಲತ್ತಾಳ, ಬಚ್ಚಲ ಹಾದ್ಯಾಗ ನಿಂದ್ರಿಸೀನಿ ಅಂತ.

ಇದು ಯಾವ ಗಾಡಿ? ಚಾಲೂ ಆಗ್ತದೇನು? ಎಷ್ಟು ಖರ್ಚು ಬರ್ಬಹುದು? ಕಿಕ್ ಒಂದು ಇಂಚೂ ಹೋಗವಲ್ದು, ಗಟ್ಟಿ ಹಿಡ್ಕೊಂಡದ.

ಬುಲೆಟ್‌ಬಸ್ಯಾ:
ಇದ್ರಾಗ ಕೇಳೋದೇನದ ಅಣ್ಣಾ, ನಿಮ್ ಮಾವನೇ ಹೇಳ್ಯಾನಲ್ಲ ಮಿನಿ ಅಂತ. ಮಿನಿ ಬುಲೆಟ್ ಅದು, ಎನ್‌ಫೀಲ್ಡ್‌ದು, 200 ಸಿಸಿ. ನಮ್ ಕಾಕಾನ ಬಲ್ಲಿ ಇತ್ತು. ಮಾರೋದಿದ್ರ ಹೇಳ್ರಿ ನಾ ತಗೋತೀನಿ.

ದಮ್ಮಾಮ್‌ರಿಟರ್ನ್:
ಮಿನಿ ಬುಲೆಟ್‌ಗಿ ದೊಡ್ಡ ಗಾಲಿನೇ ಇರ್ತಾವ ಬಸ್ಯಾ, ಅದು ಟೂ ಸ್ಟ್ರೋಕ್ ಸಾದಾ ಮೋಟರ್ ಸೈಕಲ್, ಹೆಸರಷ್ಟೇ ಮಿನಿ. ಇದು ನಂಗ ಅನಸ್ಲತ್ತದ ಸುಜುಕಿ ಆರ್‌ವಿ 90 ಅಂತ, ನಾ ಸೌದಿ ಒಳಗ ಇದ್ದಾಗ ಉಸುಕಿನಾಗ ಹುಡುಗ್ರು ಇದನ್ನೇ ಓಡಿಸ್ತಿದ್ರು, ಬಲೂನ್ ಹಂಗ ಟೈರ್ ಅದಕ್ಕ. ನಮ್ ಕಡಿಂದ ಗಲ್ಫಿಗಿ ಹೋದವ್ರು ಟೇಪ್ ರಿಕಾರ್ಡರ್, ಕಂಬಳಿ ಎಲ್ಲಾ ತಂದಾರ, ಒಬ್ಬಾಂವ ಗಾಡಿನೂ ತಂದಿರ್ಬಹುದು, ಯಾರಿಗಿ ಗೊತ್ತು. ಟೈರ್ ಮ್ಯಾಲ ಸೈಜ್ ನೋಡಿ ಹೇಳ್ರಿ, ಆರ್‌ವಿ 90 ಇದ್ರ 6.70-10 ಅಂತ ಇರ್ತದ. ಹೋಂಡಾದ್ದು ಡ್ಯಾಕ್ಸ್ ಮತ್ತ ಮಂಕಿ ಅಂತನೂ ಬರ್ತಿದ್ವು ಸಣ್ಣ ಗಾಡಿ, ಆದ್ರ ಅವು ಫೋರ್ ಸ್ಟ್ರೋಕ್, ಸಿಲಿಂಡರ್ ಮುಂದಕ್ಕ ಮಲಗಿದಂಗ ಇರ್ತದ, ನಿಮ್ದು ನಿಂತದೋ ಮಲಗ್ಯಾದೋ?

ತೊಗರಿಹೊಲ:
ನಿಂತದ. ಟೈರ್ ಕಲ್ಲಿಲೆ ತಿಕ್ಕಿ ನೋಡ್ದೆ, 4.00-8 ಅಂತ ಬರದದ. ನಮ್ ಓಣಿ ಆಟೋದವ ನೋಡಿ "ಇದು ನಮ್ದೇ ಟೈರ್ ಅದಲ್ಲ" ಅಂತ ನಗ್ಲತ್ತಾನ.

ಚೌಬಾರಾ_ಗ್ಯಾರೇಜ್:
ನಮಸ್ಕಾರ, ಬೀದರ್‌ದಿಂದ. ಯಾನ್ ಮಾತಾಡ್ಲಾತಿರಿ ಎಲ್ಲರೂ, ಟೈರ್ ನೋಡಿ ಗಾಡಿ ಗುರ್ತ ಹಿಡಿಬ್ಯಾಡ್ರಿ. ಟೈರ್ ನಾಕು ವರ್ಷಕ್ಕೊಮ್ಮಿ ಬದಲಾಗ್ತದ, ಸಿಕ್ಕ ಆಟೋ ಟೈರ್ ಹಾಕಿರ್ತಾರ, ಟಾಕಿ ಬಣ್ಣ ಬದಲಾಗ್ತದ, ಸೀಟು ಬದಲಾಗ್ತದ, ಸೈಲೆನ್ಸರ್ ಅಂತೂ ಹೇಳಂಗೇ ಇಲ್ಲ. ಬದಲಾಗ್ದೆ ಇರೋದು ಇಂಜಿನ್ ಕೇಸು ಮತ್ತ ಚಾಸಿ, ಅವ್ನ ನೋಡ್ಬೇಕು.

ನಮ್ಮಪ್ಪಂದು ಚೌಬಾರಾ ಹತ್ರ ಗ್ಯಾರೇಜ್ ಇತ್ತು, ನಾ ಸಣ್ಣಾಂವ ಇದ್ದಾಗ ಅಲ್ಲೇ ಪಾನಾ ಕೊಡ್ತಾ ಬೆಳದೀನಿ, ಇಂಥವು ಎರಡು ಗಾಡಿ ನಮ್ ಬಲ್ಲಿ ಬರ್ತಿದ್ವು. ನೀವ್ ಹೇಳಿದ್ದು ಕೇಳಿದ್ರ ನೂರಕ್ಕ ತೊಂಬತ್ತು ಇದು ರಾಜದೂತ್ ಜಿಟಿಎಸ್ 175, ಜನ "ಬಾಬಿ" ಅಂತಿದ್ರು. 1973ರಾಗ ಬಾಬಿ ಪಿಚ್ಚರ್ ಬಂತಲ್ಲ, ಅದ್ರಾಗ ರಿಷಿ ಕಪೂರ್ ಓಡಿಸಿದ್ದು ಇದೇ ಗಾಡಿ. ಆವಾಗಿಂದ ಜಿಟಿಎಸ್ ಅಂತ ಯಾರೂ ಅನ್ನಲಿಲ್ಲ, ಬಾಬಿ ಗಾಡಿ ಬಾಬಿ ಗಾಡಿ ಅಂತ್ಲೇ ಆಯ್ತು. ದೊಡ್ಡ ಗಾಡಿ ಇಂಜಿನ್ ಕುಂದ್ರಿಸಿದಂಗ ಅದ ಅಂದ್ರಲ್ಲ, ಅದು ಖರೇನೇ ಅದ. ಹಾಲಿನವ್ರು ಕ್ಯಾನ್ ಕಟ್ಕೊಂಡು ಹೋಗ್ತಿದ್ರಲ್ಲ ಸಾದಾ ರಾಜದೂತ್ 175, ಅದರ ಇಂಜಿನ್ನೇ ಇದಕ್ಕೂ, 173 ಸಿಸಿ, ಮೂರೇ ಗೇರು. ಮಾಡ್ತಿದ್ದವ್ರು ಟ್ರ್ಯಾಕ್ಟರ್ ಮಾಡೋ ಎಸ್ಕಾರ್ಟ್ಸ್‌ದವ್ರು, ಫರೀದಾಬಾದ್‌ದಾಗ, ಮೂಲ ನಕ್ಷೆ ಪೋಲೆಂಡ್‌ದು, ಎಸ್‌ಎಚ್‌ಎಲ್ ಅಂತ ಗಾಡಿ ಅಲ್ಲಿ.

ನನ್ ಮಾತು ನಂಬಬ್ಯಾಡ್ರಿ, ಅಳತಿ ನಂಬ್ರಿ. ಹೆಡ್ ಬಿಚ್ಚಿದ ಮ್ಯಾಲ ಬೋರ್, ಅಂದ್ರ ಸಿಲಿಂಡರ್ ಒಳಗಿನ ಅಗಲ, ಅಳೀರಿ. ರಾಜದೂತ್ ಇದ್ರ 61 ಎಮ್‌ಎಮ್ ಇರ್ತದ, ಪಿಸ್ಟನ್ ಮ್ಯಾಲ ಕೆಳಗ ಓಡಾಡೋ ಅಂತರ 59.5. ಹಿಂದ ಬೋರಿಂಗ್ ಮಾಡ್ಸಿ, ಅಂದ್ರ ಸವದ ಸಿಲಿಂಡರ್ ಕೊರಸಿ ಅಗಲ ಮಾಡ್ಸಿದ್ರ, 61ಕ್ಕಿಂತ ಚೂರು ಜಾಸ್ತಿ ಬರ್ತದ, 61.25, 61.50 ಹಿಂಗ, ಕಮ್ಮಿ ಅಂತೂ ಬರಂಗಿಲ್ಲ. ಆಮ್ಯಾಲ ಹ್ಯಾಂಡಲ್ ಕುತ್ತಿಗಿ ಹತ್ರ ಚಾಸಿ ನಂಬರ್ ಹುಡುಕ್ರಿ, ಬಣ್ಣ ಕೆರಿಲಿಕ್ಕಿ ಚಾಕು ಸ್ಕ್ರೂಡ್ರೈವರ್ ಹಚ್ಚಬ್ಯಾಡ್ರಿ, ಥಿನ್ನರ್ ಬಟ್ಟಿಲೆ ಒರಸ್ರಿ, ಆ ಅಕ್ಷರ ಹಾಳಾದ್ರ ಮುಂದ ಕಾಗದ ಕೆಲ್ಸ ಆಗಂಗಿಲ್ಲ.

ಬುಲೆಟ್‌ಬಸ್ಯಾ:
ಸರಿ ಬಾಬಿನೇ ಇರ್ಲಿ. ಎಷ್ಟಕ್ಕ ಕೊಡ್ತೀರಿ?

ತೊಗರಿಹೊಲ:
ಬೀದರ್ ಅಣ್ಣಾ ಭಾಳ ಉಪಕಾರ ಆಯ್ತು. ಮಾವಗ ಫೋನ್ ಮಾಡಿ "ಬಾಬಿ" ಅಂದ ಕೂಡ್ಲೇ ಆ ಕಡಿಂದ ನಗಲಿಕ್ಕಿ ಶುರು ಮಾಡ್ದ ನೋಡ್ರಿ, ಅತ್ತಿಗಿ ಹಿಂದ ಕುಂದ್ರಿಸ್ಕೊಂಡು ಶರಣಬಸಪ್ಪನ ಜಾತ್ರಿಗಿ ಬಂದಿದ್ನಂತ, ಅತ್ತಿ ಸೀರಿ ಚೈನಿಗಿ ಸಿಕ್ಕಿ ಹರದು ಆವತ್ತಿಂದ ಅಕಿ ಆ ಗಾಡಿ ಹತ್ತಿಲ್ಲಂತ. ಇಷ್ಟು ದಿನ ಹೆಸರು ನೆನಪಿಲ್ಲ ಅಂದಿದ್ದು ಇದಕ್ಕೇ ಇರ್ಬೇಕು. ಈಗ ಜಾಮ್ ಆಗಿದ್ದು ಹೆಂಗ ಬಿಡಿಸೋದು? ನಮ್ ಹುಡುಗ ಗೇರ್‌ಗಿ ಹಾಕಿ ನೂಕಿದ್ರ ಬಿಡ್ತದ ಅಂತಾನ.

ಚೌಬಾರಾ_ಗ್ಯಾರೇಜ್:
ನೂಕಬ್ಯಾಡ್ರಿ! ಕಿಕ್ ಮ್ಯಾಲ ನಿಂತು ಕುಣೀಬ್ಯಾಡ್ರಿ! ಪಿಸ್ಟನ್ ರಿಂಗ್ ಬೋರಿಗಿ ಜಂಗ್ ಹಿಡ್ದು ಅಂಟಿರ್ತಾವ, ಜೋರ್ ಮಾಡಿದ್ರ ರಿಂಗ್ ಮುರದು ಬೋರ್ ಗೀರಿ ಕನೆಕ್ಟಿಂಗ್ ರಾಡೂ ಬಾಗ್ತದ. ಪ್ಲಗ್ ಬಿಚ್ಚಿ ಆ ತೂತಿನಾಗ ಡೀಸೆಲ್ ಅರ್ಧ, ಪವರ್ ಸ್ಟೀರಿಂಗ್‌ಗಿ ಹಾಕ್ತಾರಲ್ಲ ಆ ಕೆಂಪು ಎಣ್ಣಿ ಅರ್ಧ ಕೂಡ್ಸಿ ಹಾಕ್ರಿ. ಹಿಂದಿನವ್ರು ಚಿಮಣಿ ಎಣ್ಣಿ ಹಾಕ್ತಿದ್ರು, ಈಗ ಅದೆಲ್ಲಿ ಸಿಗ್ತದ. ನಾಕು ದಿನ ಬಿಡ್ರಿ, ದಿನಾ ಸ್ವಲ್ಪ ಸ್ವಲ್ಪ ಹಾಕ್ತಾ ಇರ್ರಿ. ಆಮ್ಯಾಲ ಮ್ಯಾಗ್ನೆಟ್ ಕಡಿ ನಟ್ಟಿಗಿ ಪಾನಾ ಹಚ್ಚಿ ಮೆಲ್ಲಕ ಆ ಕಡಿ ಈ ಕಡಿ, ಒಂದು ಕೂದಲೆಳಿ ಅಷ್ಟು ಅಲುಗಾಡಿದ್ರೂ ಸಾಕು, ಮತ್ತ ಎಣ್ಣಿ ಹಾಕಿ ಬಿಡ್ರಿ. ಎಂಟು ದಿನ ಆದ್ರೂ ಆಗ್ಲಿ, ಇಷ್ಟು ವರ್ಷ ಮಲಗಿದ್ದಕ್ಕ ಎಂಟು ದಿನ ಯಾನ್ ಆಗ್ತದ.

ಬಿಟ್ಟ ಮ್ಯಾಲನೂ ಚಾಲೂ ಮಾಡಬ್ಯಾಡ್ರಿ, ಇದು ಭಾಳ ಜನ ಮಾಡೋ ತಪ್ಪು. ಟೂ ಸ್ಟ್ರೋಕ್ ಒಳಗ ಪೆಟ್ರೋಲ್ ಗಾಳಿ ಮೊದ್ಲು ಇಂಜಿನ್ ಕೆಳಗಿನ ಕ್ರ್ಯಾಂಕ್ ಕೇಸಿಗೇ ಬಂದು ಅಲ್ಲಿಂದ ಮ್ಯಾಲ ಹೋಗೋದು, ಅಂದ್ರ ಕ್ರ್ಯಾಂಕಿನ ಎರಡೂ ಕಡಿ ಆಯಿಲ್ ಸೀಲ್ ಗಟ್ಟಿ ಇರ್ಬೇಕು. ನಿಮ್ ಕಲಬುರಗಿ ಬಿಸಲಾಗ ಪತ್ರಾಸ್ ಕೆಳಗ ಇಷ್ಟು ವರ್ಷ ಕುಂತ ರಬ್ಬರ್ ಕಟಗಿ ಆಗಿರ್ತದ. ಸೀಲ್ ಸಂದಿಂದ ಹೊರಗಿನ ಗಾಳಿ ಎಳಕೊಂಡ್ರ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ, ಇಂಜಿನ್ ಒಮ್ಮಿಗೇ ಜೋರ್ ಆಗಿ ರೇಸ್ ಕುಂದ್ರಂಗಿಲ್ಲ, ನೀವು ಅರೆ ಮಸ್ತ್ ಓಡ್ಲಾತದ ಅಂತ ಖುಷಿ ಪಡೋದ್ರಾಗ ಪಿಸ್ಟನ್ ಕಾದು ಸೀಜ್. ಹಂಗಾಗಿ ಒಮ್ಮಿ ಪೂರಾ ಬಿಚ್ಚಿ ಸೀಲು, ಕ್ರ್ಯಾಂಕ್ ಬೇರಿಂಗು, ಗ್ಯಾಸ್ಕೆಟ್ಟು ಹೊಸಾವು ಹಾಕ್ರಿ. ಸಾದಾ ರಾಜದೂತ್ ಭಾಳ ವರ್ಷ ಬಂತು, ಹಂಗಾಗಿ ಇಂಜಿನ್ ಸಾಮಾನು ಹೈದ್ರಾಬಾದ್ ಹಳೇ ಸಾಮಾನಿನ ಅಂಗಡ್ಯಾಗ ಹುಡುಕಿದ್ರ ಸಿಗ್ತಾವ. ತ್ರಾಸ್ ಇರೋದು ಟಾಕಿ, ಸೀಟು, ಮಡ್‌ಗಾರ್ಡ್, ಸೈಲೆನ್ಸರ್, ಇವು ಬಾಬಿವೇ ಬೇಕು ಅಂದ್ರ. ಅದಕ್ಕೇ ಇದ್ದ ಟಾಕಿ ಎಷ್ಟೇ ಹೊಲಸ್ ಕಂಡ್ರೂ ಒಗೀಬ್ಯಾಡ್ರಿ.

ಟಾಕಿಗಿ ತೂತ್ ಬಿದ್ದಿದ್ರ ವೆಲ್ಡಿಂಗ್‌ದವನ ಬಲ್ಲಿ ಹಂಗೇ ಒಯ್ಯಬ್ಯಾಡ್ರಿ, ಖಾಲಿ ಟಾಕಿನೇ ಜಾಸ್ತಿ ಸಿಡೀತದ, ಒಳಗ ಆವಿ ಇರ್ತದ. ಪೈಲಾ ಸಾಬಣಿ ಬಿಸಿ ನೀರಿಲೆ ಎರಡ್ ಮೂರ್ ಸಲ ತೊಳದು, ಆಮ್ಯಾಲ ವೆಲ್ಡಿಂಗ್ ಜಾಗಾ ಬಿಟ್ಟು ಉಳದದ್ದಷ್ಟು ನೀರು ತುಂಬಿ ಮಾಡ್ಸ್ರಿ. ಒಳಗಿನ ಜಂಗ್‌ಗಿ ವಿನೆಗರ್ ತುಂಬಿ ಎರಡು ದಿನ ಇಟ್ಟು, ಒಂದು ಮುಷ್ಟಿ ನಟ್ಟು ಹಾಕಿ ಅಲ್ಲಾಡಿಸ್ರಿ, ಅಡಗಿ ಸೋಡಾ ನೀರಿಲೆ ತೊಳೀರಿ, ಒಣಗಿದ ಕೂಡ್ಲೇ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗಿ ಪೆಟ್ರೋಲ್‌ನಾಗ ಕೂಡ್ಸ್ತಾರಲ್ಲ, ಅದು) ಹಾಕಿ ತಿರಗಿಸ್ರಿ, ಇಲ್ಲಾಂದ್ರ ಮರದಿನ ಮುಂಜಾನಿ ಮತ್ತ ಕೆಂಪಗ ಕಾಣ್ತದ.

ಬ್ರೇಕ್ ಡ್ರಮ್ ಬಿಚ್ಚಿದಾಗ ಬಾಯಿಲೆ ಊದಬ್ಯಾಡ್ರಿ, ಹಳೇ ಬ್ರೇಕ್ ಶೂನಾಗ ಆಸ್ಬೆಸ್ಟಾಸ್ ಇರ್ತಿತ್ತು, ಆ ಧೂಳು ಎದಿಗಿ ಕೆಟ್ಟ. ನಮ್ಮಪ್ಪ ಹಂಗೇ ಫೂ ಅಂತ ಊದ್ತಿದ್ದ, ಹೇಳೋರು ಯಾರ್ ಇದ್ರು ಆವಾಗ.

ದಮ್ಮಾಮ್‌ರಿಟರ್ನ್:
ಉಸ್ತಾದ್ ಒಪ್ದೆ, ಆರ್‌ವಿ ಮಾತು ವಾಪಸ್ ತಗೋತೀನಿ. ಒಂದು ಸೇರಸ್ತೀನಿ, ಈಗ ಬಂಕಿನಾಗ ಬರೋ ಪೆಟ್ರೋಲ್ ಹಳೇದಲ್ಲ, 20 ಪರ್ಸೆಂಟ್ ಎಥನಾಲ್ ಅದ. ಹಳೇ ರಬ್ಬರ್ ಪೈಪು ವಾಶರ್ ಅದರಾಗ ಉಬ್ಬಿ ಮೆತ್ತಗಾಗ್ತಾವ, ಎಥನಾಲ್ ನೀರನೂ ಎಳಕೊಂತದ. ತಿಂಗಳಾನುಗಟ್ಟಲೆ ನಿಲ್ಲಸೋ ಗಾಡಿಗಿ ಟಾಕಿ ಖಾಲಿ ಮಾಡಿ, ಕಾರ್ಬೊರೇಟರ್ ಬಟ್ಟಲನೂ ಖಾಲಿ ಮಾಡಿ ಇಡ್ರಿ. ನನ್ ಹಳೇ ಸ್ಕೂಟರಿಂದು ಹಂಗೇ ಮಳಿಗಾಲ ನಿಲ್ಲಿಸಿ ಬಿಟ್ಟಿದ್ದೆ, ಬಟ್ಟಲದಾಗ ಬೆಳ್ಳಗ ಪುಡಿ ಕುಂತಿತ್ತು. ಆಯಿಲ್ ಲೀಟರ್‌ಗಿ ಎಷ್ಟ್ ಹಾಕ್ಬೇಕು ಉಸ್ತಾದ್?

ಚೌಬಾರಾ_ಗ್ಯಾರೇಜ್:
ನಾ ಅಂತೂ ಲೀಟರ್‌ಗಿ 40 ಎಮ್‌ಎಲ್ ಹಾಕ್ತೀನಿ, ಹೊಸಾ ಬೋರಿಂಗ್ ಇದ್ರ ಮೊದ್ಲಿನ ಐದಾರು ಟಾಕಿ 50. ಹೊಗಿ ಬರ್ತದ ಅಂತ ಕಮ್ಮಿ ಮಾಡಬ್ಯಾಡ್ರಿ, ಹೊಗಿ ಬಂದ್ರ ಓಣ್ಯಾಗಿನವ್ರು ಬೈತಾರ ಅಷ್ಟೇ.

ಹೊಸಪೇಂಟ್‌ಮೈಸೂರು:
ಸರ್ ನಾನು ಮೈಸೂರು ಕಡೆಯವನು, ಎರಡು ಮೂರು ಹಳೇ ಗಾಡಿ ಮಾಡ್ಸಿದೀನಿ. ನನ್ನ ಸಲಹೆ ಏನು ಅಂದ್ರೆ ಮೊದ್ಲು ಪೂರ್ತಿ ಬಿಚ್ಚಿ ಚಾಸಿ ಪೌಡರ್ ಕೋಟಿಂಗ್ ಮಾಡ್ಸಿಬಿಡಿ, ರಿಮ್ಮು ಹ್ಯಾಂಡಲ್ಲು ಕ್ರೋಮ್, ಟ್ಯಾಂಕಿಗೆ ಒಳ್ಳೇ ಮೆಟಾಲಿಕ್ ಕೆಂಪು. ಶೋರೂಮ್ ಪೀಸ್ ತರ ಆಗುತ್ತೆ, ರೇಟೂ ಬರುತ್ತೆ.

ಚೌಬಾರಾ_ಗ್ಯಾರೇಜ್:
ಮೈಸೂರ್ ಅಣ್ಣಾರಿಗಿ ಸಿಟ್ಟ್ ಬರಬಾರ್ದು, ನಂಗ ಇದು ಮನಸಿಗಿ ಬರಂಗಿಲ್ಲ. ಬಣ್ಣ ಕಡಿಗಿ. ಪೈಲಾ ಇಂಜಿನ್ ಚಾಲೂ ಆಗಿ, ಗೇರ್ ಬಿದ್ದು, ಬ್ರೇಕ್ ಹಿಡ್ದು ಒಂದು ನೂರ್ ಕಿಲೋಮೀಟರ್ ಓಡ್ಲಿ. ಪೈಲಾ ಬಣ್ಣ ಮಾಡ್ಸಿ ಆಮ್ಯಾಲ ಇಂಜಿನ್ ಕುಂದ್ರಿಸಿದವ್ರದ್ದು ಎಷ್ಟು ನೋಡೀನಿ, ಯಾವ್ದೋ ಬ್ರಾಕೆಟ್ ಕೂಡ್ತಿರಂಗಿಲ್ಲ, ಮತ್ತ ವೆಲ್ಡಿಂಗು, ಆ ಹೊಳೆಯೋ ಬಣ್ಣ ಸುಟ್ಟು ಹೋಗಿರ್ತದ. ಪೌಡರ್ ಕೋಟಿಂಗ್ ಚಾಸಿ ನಂಬರ್ ಮ್ಯಾಲ ದಪ್ಪ ಕುಂತ್ರ ಅಕ್ಷರ ಕಾಣಂಗಿಲ್ಲ, ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದ ಕೆರ್ಕೋತ ಕುಂದ್ರಬೇಕು. ಮತ್ತ ಆ ನೀಲಿ ಬಣ್ಣದ ಕೆಳಗ ಕಂಪನಿ ಬಣ್ಣ ಉಳದಿರ್ತದ. ಟಾಕಿ ಕೆಳಗ, ಪೆಟ್ರೋಲ್ ಕಾಕ್ ಸುತ್ತಾ ಯಾರೂ ಬ್ರಷ್ ಹಚ್ಚಂಗಿಲ್ಲ, ಅಲ್ಲಿ ನೋಡ್ರಿ, ಮೂಲ ಬಣ್ಣ ಗೊತ್ತಾಗ್ತದ.

ಟಾಕಿ ಮ್ಯಾಲಿನ ಹೆಸರಿನ ಪಟ್ಟಿ ಸಿಗ್ಲಿಲ್ಲಂದ್ರ ಬೀದರ್‌ಗಿ ಬರ್ರಿ. ಜಸ್ತ ತಾಮ್ರದ ಹೂಜಿ ಮ್ಯಾಲ ಬೆಳ್ಳಿ ತಂತಿ ಕೂಡಿಸಿ ಬೀದರ್ ಕಿಲ್ಲಾದ ಮಣ್ಣಿಲೆ ಕಪ್ಪ ಮಾಡೋ ಬಿದ್ರಿ ಕೆಲ್ಸದವ್ರಿಗಿ "ರಾಜದೂತ್" ಅಂತ ನಾಕು ಅಕ್ಷರ ಕೊರಿಯೋದು ದೊಡ್ಡ ಮಾತಲ್ಲ. ಬೆಳ್ಳಿ ರೇಟ್ ಮಾತ್ರ ಕೇಳಬ್ಯಾಡ್ರಿ.

ಹೊಸಪೇಂಟ್‌ಮೈಸೂರು:
ಸಿಟ್ಟೇನಿಲ್ಲ ಸರ್, ಬ್ರಾಕೆಟ್ ಕಥೆ ನನಗೂ ಆಗಿದೆ, ಹೇಳ್ಕೊಳ್ಳೋಕೆ ನಾಚಿಕೆ ಅಷ್ಟೇ.

ಯಾದಗಿರಿ_ಫಾರಂ29:
ಎಲ್ಲರೂ ಇಂಜಿನ್ ಹಿಂದ ಬಿದ್ದೀರಿ, ಕಾಗದ ಯಾರೂ ಕೇಳವಲ್ರಿ. ಗಾಡಿ ಯಾರ ಹೆಸರ್ ಮ್ಯಾಲ ಅದ? ಸಾವಿರಗಟ್ಲೆ ರೊಕ್ಕ ಹಾಕೋಕಿಂತ ಮೊದ್ಲು ಮಾವನ ಟ್ರಂಕ್ ತೆಗಸಿ ಹಳೇ ಆರ್‌ಸಿ ಪುಸ್ತಕ ಹುಡುಕಿಸ್ರಿ, ಚಾಸಿ ನಂಬರ್ ಇಂಜಿನ್ ನಂಬರ್ ಕೂಡ್ತದೇನ್ ನೋಡ್ರಿ. ಮಾವನ ಹೆಸರಿಗಿ ಇದ್ರ ಸಸ್ತಾದಾಗ ಆಯ್ತು, ಫಾರಂ 29 ಮತ್ತ 30 ಸಹಿ ಮಾಡ್ಸಿ ನಿಮ್ಮ ಹೆಸರಿಗಿ ಮಾಡ್ಕೋಬಹುದು. ಮಾವ ಸೆಕೆಂಡ್ ಹ್ಯಾಂಡ್ ತಗೊಂಡು ಹೆಸರ್ ಮಾಡಿಸ್ದೇ ಬಿಟ್ಟಿದ್ರ ತ್ರಾಸು, ಮೊದಲಿನ ಮಾಲಕ ತೀರ್ಕೊಂಡಿದ್ರ ಅವ್ರ ಮನಿಯವ್ರು ಮರಣ ಪ್ರಮಾಣಪತ್ರ ಹಚ್ಚಿ ಫಾರಂ 31 ಕೊಟ್ಟು ತಮ್ಮ ಹೆಸರಿಗಿ ಮಾಡ್ಕೋಬೇಕು, ಆಮ್ಯಾಲ ನಿಮಗ. ಮೂರು ಅಕ್ಷರದ ನಂಬರ್ ಗಾಡಿ ಆರ್‌ಟಿಒ ಕಂಪ್ಯೂಟರ್‌ನಾಗ ಇಲ್ದೇ ಇರ್ಬಹುದು, ಹಳೇ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡ್ಸಬೇಕಾಗ್ತದ. ಎರಡು ಮೂರು ಸಲ ಓಡಾಡಿಸ್ತಾರ, ನಾಷ್ಟಾ ಮಾಡ್ಕೊಂಡೇ ಹೋಗ್ರಿ.

ಇನ್ನೊಂದು ಹಾದಿ ಅದ. ಪೈಲಾ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿದ್ರ ವಿಂಟೇಜ್ ಅಂತ ಮಾಡ್ಸಬಹುದು, 2021ರಾಗ ಕೇಂದ್ರದವ್ರು ರೂಲ್ ತಂದಾರ. ಹೊಸದಾಗಿ ಮಾಡ್ಸಿದ್ರ ಫೀ 20 ಸಾವಿರ, ಹತ್ತು ವರ್ಷಕ್ಕ, ಆಮ್ಯಾಲ ಮತ್ತ ಮಾಡ್ಸಾಗ 5 ಸಾವಿರ, ನಂಬರ್‌ನಾಗ ಕೆಎ ಆದ ಮ್ಯಾಲ ವಿಎ ಅಂತ ಬರ್ತದ. ಆದ್ರ ದಿನಾ ಓಡಿಸಂಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಸಲಿಕ್ಕಿ, ರಿಪೇರಿಗಿ ಇಷ್ಟಕ್ಕೇ. ಮತ್ತ ಗಾಡಿ ಮೂಲ ರೂಪದಾಗ ಇರ್ಬೇಕು, ಚಾಸಿ ಇಂಜಿನ್ ಬದಲು ಮಾಡಿದ್ರ ನಡಿಯಂಗಿಲ್ಲ. ಮೈಸೂರಿನವ್ರ ಮೆಟಾಲಿಕ್ ಕೆಂಪು ಹಚ್ಚೋ ಮುಂಚೆ ಇದನ್ನೂ ವಿಚಾರ ಮಾಡ್ರಿ.

ಬುಲೆಟ್‌ಬಸ್ಯಾ:
ಕಾಗದ ಇಲ್ಲಂದ್ರೂ ನಡೀತದ, 35 ಸಾವಿರ ಕೊಡ್ತೀನಿ, ಇವತ್ತೇ ಟಂಟಂ ಕಳಸ್ತೀನಿ.

ಯಾದಗಿರಿ_ಫಾರಂ29:
ಕಾಗದ ಇಲ್ದೇ ನಡೀತದ ಅನ್ನೋರಿಗಿ ಕೊಡಬ್ಯಾಡ್ರಿ. ನಾಳಿ ಎಲ್ಲೆರ ಯಾನರ ಆದ್ರ ಪೊಲೀಸರು ಬರೋದು ಪುಸ್ತಕದಾಗ ಹೆಸರಿದ್ದವನ ಮನಿಗಿ.

ತೊಗರಿಹೊಲ:
ಹನ್ನೊಂದು ದಿನ ಆಯ್ತು, ಖಬರ್ ಹೇಳ್ತೀನಿ. ಒಂಬತ್ತನೇ ದಿನ ಬಿಡ್ತು! ಟಕ್ ಅಂತ ಸಣ್ಣ ಸಪ್ಪಳ ಬಂತು, ನಾ ಏನೋ ಮುರೀತು ಅಂತ ಹೆದರಿದ್ದೆ. ಸೂಪರ್ ಮಾರ್ಕೆಟ್ ಕಡಿ ಒಬ್ಬ ಲೇಥ್‌ದವನ ಬಲ್ಲಿ ಹೆಡ್ ಬಿಚ್ಚಿಸಿ ಅಳ್ಸಿದ್ರ 61.5 ಮ್ಯಾಲ ಚೂರು ಬಂತು. ಒಮ್ಮಿ ಬೋರಿಂಗ್ ಆಗ್ಯಾದ ಅಂತಾನ, ಪಿಸ್ಟನ್ ತಲಿ ಮ್ಯಾಲ 0.50, ಅಂದ್ರ ಅರ್ಧ ಎಮ್‌ಎಮ್ ದೊಡ್ಡದು ಅಂತ, ಹೊಡದದ. ಅಂದ್ರ ಬಾಬಿನೇ! ಏರ್ ಫಿಲ್ಟರ್ ಡಬ್ಬ್ಯಾಗ ಇಲಿ ಗೂಡು ಇತ್ತು, ಅದರಾಗ ತೊಗರಿ ಬ್ಯಾಳಿ, ಒಂದು ಹರದ ಸಿನಿಮಾ ಟಿಕೆಟ್ಟು, ಯಾವ ಪಿಚ್ಚರ್ದು ಅಂತ ಓದಲಿಕ್ಕಿ ಬರವಲ್ದು.

ಟಾಕಿ ಕೆಳಗ ನೋಡ್ದೆ ಬೀದರ್ ಅಣ್ಣಾ, ಕಾಕ್ ಸುತ್ತಾ ಕೆಂಪು ಅದ. ಮೈಸೂರ್ ಅಣ್ಣಾರು ಅರ್ಧ ಗೆದ್ರು, ಮೆಟಾಲಿಕ್ ಮಾತ್ರ ಅಲ್ಲ.

ಆರ್‌ಸಿ ಪುಸ್ತಕ ಟ್ರಂಕಿನಾಗ ಸಿಕ್ಕದ, ಅತ್ತಿನೇ ಹುಡುಕಿ ಕೊಟ್ಟಳು, ಮದಿವಿ ಪತ್ರಿಕಿ ಸಂಗಟ ಇಟ್ಟಿದ್ಳಂತ. ಎಸ್ಕಾರ್ಟ್ಸ್ ಅಂತ ಬರದದ, ಮಾವನ ಹೆಸರಿಗೇ ಅದ, ಚಾಸಿ ನಂಬರ್ ಬರೊಬ್ಬರಿ ಕೂಡ್ತು, ಇಂಜಿನ್ ನಂಬರ್‌ನಾಗ ಕಡಿ ಎರಡು ಅಂಕಿ ಪುಸ್ತಕದಾಗ ಹುಳ ತಿಂದಾವ. ಇದಕ್ಕ ಏನ್ ಮಾಡ್ಬೇಕು ಯಾದಗಿರಿ ಅಣ್ಣಾ?

ಯಾದಗಿರಿ_ಫಾರಂ29:
ಚಾಸಿ ಕೂಡಿದ್ರ ಅರ್ಧ ಕೆಲ್ಸ ಆಯ್ತು. ಎರಡೂ ನಂಬರಿನ ಮ್ಯಾಲ ಕಾಗದ ಇಟ್ಟು ಪೆನ್ಸಿಲ್‌ಲೆ ತಿಕ್ಕಿ ಅಚ್ಚು ತಗೊಂಡು ಪುಸ್ತಕದ ಸಂಗಟ ಒಯ್ರಿ, ಆರ್‌ಟಿಒದಾಗ ಹಳೇ ರಿಜಿಸ್ಟರ್ ತೆಗಸಿ ಪೂರಾ ನಂಬರ್ ನೋಡ್ರಿ ಅಂತ ಬರದು ಅರ್ಜಿ ಕೊಡ್ರಿ. ಬಾಯಿಲೆ ಕೇಳಿದ್ರ ನಾಳಿ ಬಾ ಅಂತಾರ, ಅರ್ಜಿ ಕೊಟ್ಟು ಠಸ್ಸಿ ಹಾಕ್ಸಿದ ಕಾಪಿ ಇಟ್ಕೋರಿ.

ಬುಲೆಟ್‌ಬಸ್ಯಾ:
ಕಾಗದ ಸಿಕ್ಕದ ಅಂದ್ರ 50. ಕಡಿ ಮಾತು.

ತೊಗರಿಹೊಲ:
ಬಸ್ಯಾ, ಮಾರಂಗಿಲ್ಲೋ ಮಾರಾಯಾ. ಮಾವ ಈಗ ದಿನಾ ಎರಡು ಸಲ ಫೋನ್ ಮಾಡ್ತಾನ, ಪ್ಲಗ್ ಯಾವ್ದ್ ಹಾಕ್ದಿ, ಪಾಯಿಂಟ್ ತಿಕ್ದಿ ಏನು ಅಂತ, ಇಷ್ಟು ಗೊತ್ತಿದ್ದಾಂವ ಅವತ್ತ 4 ಸಾವಿರಕ್ಕ ಕೊಡ್ಲಿಕ್ಕಿ ಹೆಂಗ ತಯಾರಾಗಿದ್ದ ಅಂತ ನಂಗ ಇನ್ನಾ ತಿಳಿವಲ್ದು. ಬೀದರ್ ಅಣ್ಣಾ, ಸೀಲು ಬೇರಿಂಗು ಹೈದ್ರಾಬಾದ್‌ದಿಂದ ತರಸ್ಲತ್ತೀನಿ, 0.75 ಪಿಸ್ಟನ್ ಸಿಕ್ಕದ. ಸೈಲೆನ್ಸರ್ ಒಂದೇ ಉಳದದ. ಯಾರ ಬಲ್ಲೆರ ಬಾಬಿದು ಹಳೇ ಸೈಲೆನ್ಸರ್, ತೂತ್ ಬಿದ್ದಿದ್ದೇ ಇರ್ಲಿ, ಇದ್ರ ಇಲ್ಲಿ ಹಾಕ್ರಿ, ಕಲಬುರಗಿ ಬೀದರ್ ಯಾದಗಿರಿ ಎಲ್ಲಿದ್ರೂ ನಾನೇ ಬಂದು ಒಯ್ತೀನಿ.